ಲೀಟರಿನಲ್ಲಿ ಗಾಳಿಯ ಪಾಲು

ಅವಳು ದಿನವೂ ಕಾರು ಓಡಿಸುತ್ತಿದ್ದಳು, ಆದರೆ ಎಲ್ಲಿಗೂ ಹೋಗುತ್ತಿರಲಿಲ್ಲ.

ಕಂಪನಿಗಳು ಹೊಸ ಕಾರನ್ನು ಮಾರುಕಟ್ಟೆಗೆ ಬಿಡುವ ಮೊದಲು ಮೈಲೇಜ್ ಅಳೆಸಲು ತರುವ ಪರೀಕ್ಷಾಲಯವೊಂದರಲ್ಲಿ ಅವಳು ಚಾಲಕಿ. ಕೆಲಸ ನಡೆಯುವುದು ಕಿಟಕಿಯೇ ಇಲ್ಲದ ಒಂದು ಕೋಣೆಯಲ್ಲಿ. ಅದರ ನೆಲದಲ್ಲಿ ಉಕ್ಕಿನ ಉರುಳೆಗಳನ್ನು ಹೂತಿದ್ದಾರೆ. ಕಾರಿನ ಮುಂದಿನ ಚಕ್ರಗಳನ್ನು ಅವುಗಳ ಮೇಲೆ ನಿಲ್ಲಿಸಿ, ಕಾರು ಅಲುಗದಂತೆ ಪಟ್ಟಿ ಬಿಗಿದು, ಹೊಗೆ ಕೊಳವೆಗೆ ದಪ್ಪನೆಯ ಪೈಪು ಸಿಕ್ಕಿಸಿ, ಎದುರಿಗೆ ಆಳೆತ್ತರದ ಫ್ಯಾನು ಹಚ್ಚುತ್ತಾರೆ. ಅವಳ ಕಣ್ಣ ಮುಂದೆ ಒಂದು ಪರದೆ, ಅದರ ಮೇಲೆ ಬೆಟ್ಟಗುಡ್ಡಗಳ ಚಿತ್ರದಂತೆ ಏರುತ್ತ ಇಳಿಯುತ್ತ ಹರಿದು ಬರುವ ಒಂದು ಗೆರೆ. ಗೆರೆ ಏರಿದರೆ ವೇಗ ಏರಿಸಬೇಕು, ಇಳಿದರೆ ಇಳಿಸಬೇಕು, ತಳ ಮುಟ್ಟಿದರೆ ಪೂರ್ತಿ ನಿಲ್ಲಿಸಬೇಕು. ಅವಳ ವೇಗ ತೋರಿಸುವ ಚುಕ್ಕೆ ಗೆರೆ ಬಿಟ್ಟು ಆಚೀಚೆ ಹೋಯಿತೋ, ಅಷ್ಟೂ ಹೊತ್ತಿನ ಕೆಲಸ ನೀರುಪಾಲು.

ಬೇರೆ ಚಾಲಕರ ಚುಕ್ಕೆ ಗೆರೆಯ ಸುತ್ತ ನೊಣದ ಹಾಗೆ ಹಾರಾಡುತ್ತಿತ್ತು. ಅವಳದು ಗೆರೆಗೆ ಅಂಟಿಕೊಂಡೇ ಸಾಗುತ್ತಿತ್ತು. ಹಾಗಾಗಿ ಅಲ್ಲಿ ಅವಳನ್ನು ಕರೆಯುತ್ತಿದ್ದುದೇ ‘ಬೆಣ್ಣೆಗಾಲು’ ಎಂದು. ಕಾರು ಎಷ್ಟು ಪೆಟ್ರೋಲ್ ಕುಡಿಯಿತು ಎಂದು ತಿಳಿಯಲು ಅಲ್ಲಿ ಯಾರೂ ಟ್ಯಾಂಕ್ ನೋಡುವುದಿಲ್ಲ. ಕಾರು ಬಿಟ್ಟ ಉಸಿರನ್ನು ಚೀಲಗಳಲ್ಲಿ ಹಿಡಿದಿಟ್ಟು, ಆ ಉಸಿರಿನಲ್ಲಿ ಏನೇನಿದೆ ಎಂದು ಜಾಲಾಡಿ, ಕುಡಿದದ್ದು ಇಷ್ಟು ಎಂದು ಹೇಳುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಕೇಳಿ ಅವಳಿಗೆ ಮೈ ಜುಮ್ಮೆಂದಿತ್ತು. ಉಸಿರು ಸುಳ್ಳು ಹೇಳುವುದಿಲ್ಲ ಎಂದು ಅವಳು ಅಂದಿನಿಂದ ನಂಬಿದ್ದಳು.

ಅಣ್ಣನಿಗೆ ಅವಳು ಆ ಅಂಕಿಯನ್ನು ಹೇಳಿದ್ದು ಇದೇ ನಂಬಿಕೆಯ ಮೇಲೆ.

ಅಣ್ಣ ತಕ್ಕಡಿ ರಿಪೇರಿಯವನು. ಅಂಗಡಿ, ಗೋದಾಮು, ಗಿರಣಿಗಳಲ್ಲಿ ತೂಕದ ಯಂತ್ರ ಸುಳ್ಳು ಹೇಳತೊಡಗಿದರೆ ಅವನಿಗೆ ಕರೆ ಹೋಗುತ್ತದೆ. ಊರೂರು ತಿರುಗುವ ಕೆಲಸ. ಹಳೆಯ ವ್ಯಾನು ಮೂಲೆ ಸೇರಿದಾಗ ಹೊಸ ಕಾರು ಕೊಳ್ಳಲು ಹೊರಟ. ಶೋರೂಮಿನವರ ಮಾತನ್ನು ಅವನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ, ನೇರ ತಂಗಿಗೆ ಫೋನ್ ಮಾಡಿದ. “ಪುಟ್ಟಿ, ಈ ಕಾರು ಲೀಟರಿಗೆ ಇಪ್ಪತ್ನಾಲ್ಕು ಕೊಡುತ್ತಂತೆ. ಹೌದೇನೇ?”

“ಹೌದಣ್ಣ. ಓಡಿಸಿ ನೋಡಿದವಳು ನಾನೇ.”

ಅಷ್ಟು ಸಾಕಾಗಿತ್ತು. ಮರುದಿನವೇ ಮುಂಗಡ ಕಟ್ಟಿ ಬಂದ.

ಆದರೆ ಕಾರು ಕೊಟ್ಟದ್ದು ಹದಿನೇಳು. ಎಷ್ಟು ತಿಪ್ಪರಲಾಗ ಹಾಕಿದರೂ ಹದಿನೇಳು. ಸರ್ವಿಸ್ ಮಾಡಿಸಿದ, ಟೈರಿಗೆ ಗಾಳಿ ತುಂಬಿಸಿದ, ಬಂಕ್ ಬದಲಿಸಿದ. ಅಂಕಿ ಜಪ್ಪಯ್ಯ ಎನ್ನಲಿಲ್ಲ. ಅವನು ತಂಗಿಯ ಮೇಲೆ ರೇಗಲಿಲ್ಲ. ರೇಗಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ಅವಳನ್ನು ಏನೂ ಕೇಳದೆ ಸುಮ್ಮನಾದ. ಮೊದಲಾದರೆ ಮಿಕ್ಸಿಯಿಂದ ಹಿಡಿದು ನೀರಿನ ಪಂಪಿನವರೆಗೆ ಯಂತ್ರ ಅಂದರೆ ಸಾಕು, “ತಾಳು, ಪುಟ್ಟಿನ ಕೇಳ್ತೀನಿ” ಎನ್ನುತ್ತಿದ್ದವನು ಈಗ ಕಂಡಕಂಡವರನ್ನು ಕೇಳುತ್ತಿದ್ದ.

ರಜೆಯ ದಿನ ಅಣ್ಣನ ಮನೆಗೆ ಊಟಕ್ಕೆ ಹೋದಾಗ ಅತ್ತಿಗೆಯೇ ಬಾಯಿ ಬಿಟ್ಟಳು.

“ನಿಮ್ಮಣ್ಣ ಮೊನ್ನೆ ವಾಷಿಂಗ್ ಮೆಷಿನ್ ತರೋಕೆ ಹೋಗಿದ್ರು ಕಣೇ. ಪುಟ್ಟಿನ ಒಂದು ಮಾತು ಕೇಳಿ ಅಂದೆ. ಅವಳು ಓಡಿಸೋದು ಬೇರೆ ಲೋಕದ ಕಾರು, ನಮ್ಮ ಲೋಕದ ಬಟ್ಟೆ ಅವಳಿಗೇನು ಗೊತ್ತು ಅಂದ್ರು.”

“ಒಂದು ಮಾತೂ ಹೊಟ್ಟೇಲಿ ಇಟ್ಕೋಬೇಡ, ಎಲ್ಲಾ ಹೇಳಿಬಿಡು ನೀನು,” ಅಣ್ಣ ತಟ್ಟೆಯಿಂದ ಮುಖವೆತ್ತದೆ ಗೊಣಗಿದ.

ಅವಳು ಎತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. “ಅಣ್ಣ, ನಾನು ಸುಳ್ಳು ಹೇಳಿದೆ ಅಂತಾನಾ?”

“ಛೇ, ಸುಳ್ಳಲ್ಲ. ತಕ್ಕಡಿಗಳೂ ಸುಳ್ಳು ಹೇಳಬೇಕು ಅಂತ ಹೇಳಲ್ಲ ಪುಟ್ಟಿ. ಅವಕ್ಕೆ ತಾವು ಹೇಳ್ತಿರೋದೇ ನಿಜ ಅನ್ಸಿರುತ್ತೆ.” ಅವನ ದನಿಯಲ್ಲಿ ಕೋಪವಿರಲಿಲ್ಲ. ಕೆಟ್ಟ ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಮಾತಾಡುವ ಮೃದು ದನಿ ಅದು. ಯಾರು ನಂಬದಿದ್ದರೂ ಪರವಾಗಿಲ್ಲ, ಅಣ್ಣ ನಂಬದಿದ್ದರೆ ಅವಳಿಗೆ ತನ್ನ ಕಾಲೇ ತನ್ನದಲ್ಲ ಅನ್ನಿಸುತ್ತಿತ್ತು.

“ನಾಳೆ ನಿನಗೆಲ್ಲಿ ಕೆಲಸ?”

“ಗುಡ್ಡದಾಚೆ, ಬಯಲಿನ ಹಿಟ್ಟಿನ ಗಿರಣೀಲಿ. ಯಾಕೆ?”

“ನಾನು ರಜ ಹಾಕ್ತೀನಿ. ಕಾರು ನಾನು ಓಡಿಸ್ತೀನಿ. ಇಪ್ಪತ್ನಾಲ್ಕು ಬರಿಸಿ ತೋರಿಸ್ತೀನಿ.”

“ಬರದಿದ್ರೆ?” ಅತ್ತಿಗೆಯ ಕಣ್ಣು ಅರಳಿತು.

“ಬರದಿದ್ರೆ ಇನ್ಮುಂದೆ ಯಂತ್ರದ ವಿಷಯ ನನ್ನನ್ನ ಕೇಳಲೇಬೇಡಿ.”

ಅಂದದ್ದಕ್ಕೆ ಆಗಲೇ ಅವಳಿಗೆ ಹೆದರಿಕೆಯಾಯಿತು. ಅಣ್ಣ ಮಾತ್ರ “ಸರಿ” ಎಂದು ನೀರು ಕುಡಿದ.

ಬೆಳಿಗ್ಗೆ ಅವಳು ಮೊದಲು ಮಾಡಿದ ಕೆಲಸ ಡಿಕ್ಕಿ ತೆಗೆದು ನೋಡಿದ್ದು. ನೋಡಿ ಹಾಗೇ ನಿಂತಳು. ಒಳಗೆ, ಹಳೆಯ ಕಂಬಳಿಯ ಮೇಲೆ, ಇಪ್ಪತ್ತಿಪ್ಪತ್ತು ಕಿಲೋದ ಎಂಟು ಕಬ್ಬಿಣದ ತೂಕಗಳು ಮರಿ ಹಾಕಿದ ಹಂದಿಗಳ ಹಾಗೆ ಒತ್ತಿಕೊಂಡು ಮಲಗಿದ್ದವು.

“ಅಣ್ಣ! ಏನಿದು?”

“ತೂಕದ ಕಲ್ಲು. ಕಾಣಲ್ವಾ?”

“ಇವು ದಿನಾ ಇಲ್ಲೇ ಇರ್ತಾವಾ?”

“ಇನ್ನೆಲ್ಲಿ, ತೊಟ್ಟಿಲಲ್ಲಿ ಮಲಗಿಸಲಾ? ಇವಿಲ್ಲದೆ ತಕ್ಕಡಿ ಸರಿಯಿದೆಯೋ ಇಲ್ವೋ ಅಂತ ಹೇಗೆ ನೋಡ್ಲಿ?”

“ಕಾರಲ್ಲಿ ಭಾರ ಏನಾದ್ರೂ ಇರುತ್ತಾ ಅಂತ ಹದಿನೇಳೇ ಬರ್ತಿದೆ ಅಂತ ಗೊತ್ತಾದಾಗಲೇ ನಾನು ಕೇಳಿದ್ದೆ. ಏನೂ ಇಲ್ಲ ಅಂದೆಯಲ್ಲ!”

“ಭಾರ ಅಂದ್ರೆ ಮೂಟೆ, ಲಗೇಜು. ಇವು ಲಗೇಜಲ್ಲ, ಕಲ್ಲು.” ಅಷ್ಟು ಹೇಳಿ ಅವನು ಕಲ್ಲುಗಳನ್ನು ಇನ್ನೊಮ್ಮೆ ನೋಡಿದ. ತೂಕವನ್ನೇ ನಂಬಿ ಬದುಕಿದ ಮನುಷ್ಯ ತೂಕಕ್ಕೂ ತೂಕವಿದೆ ಎಂಬುದನ್ನು ಮರೆತುಬಿಟ್ಟಿದ್ದ. ಅವನ ಕಿವಿಯ ತುದಿ ಕೆಂಪಾಯಿತು.

“ಇಬ್ಬರು ದಪ್ಪ ಮಾವಂದಿರನ್ನ ಹಿಂದೆ ಮಲಗಿಸ್ಕೊಂಡು ತಿರುಗ್ತಿದ್ದೀಯ,” ಎಂದು ಅವಳು ಗೆದ್ದವಳಂತೆ ನಕ್ಕಳು. “ಇಳಿಸು.”

“ಇಳಿಸಿದ್ರೆ ಗಿರಣೀಲಿ ನಿನ್ನನ್ನ ಕೂರಿಸಿ ತಕ್ಕಡಿ ನೋಡ್ಲಾ? ನಿನ್ನ ತೂಕ ಊಟಕ್ಕೊಂದು ಥರ ಇರುತ್ತೆ.”

ಮಾವಂದಿರು ಇಳಿಯಲಿಲ್ಲ. ಆದರೂ ಅವಳ ಜಂಭ ಇಳಿಯಲಿಲ್ಲ. ಭಾರವಿದ್ದರೇನು, ಕಾಲು ನನ್ನದಲ್ಲವೇ ಎಂದುಕೊಂಡು ಎ.ಸಿ. ಆರಿಸಿದಳು, ಮೈಲೇಜ್ ತೋರಿಸುವ ಪರದೆಯನ್ನು ಸೊನ್ನೆಗೆ ತಂದಳು, ಹೊರಟಳು.

ಪೇಟೆಯ ಬೀದಿಯಲ್ಲಿ ಹಾಲಿನ ಗಾಡಿ, ಶಾಲೆಯ ಬಸ್ಸು, ನಡುರಸ್ತೆಯಲ್ಲಿ ನಿಂತು ಫೋನಿನಲ್ಲಿ ಜಗಳವಾಡುವ ಗೃಹಸ್ಥ. ಪ್ರತಿಯೊಂದಕ್ಕೂ ಅವಳು ಕಾಲೆತ್ತಬೇಕು, ಮತ್ತೆ ಊರಬೇಕು. ಒಬ್ಬ ಮುದುಕಿ ಅರ್ಧ ರಸ್ತೆ ದಾಟಿ, ಏನೋ ಮರೆತಂತೆ ನಿಂತು, ಹಿಂದಕ್ಕೇ ಹೋದಳು. ಈ ಮುದುಕಿ ಯಾವ ಗೆರೆಯಲ್ಲೂ ಇರಲಿಲ್ಲ. ಪರದೆ ಹನ್ನೊಂದು ತೋರಿಸುತ್ತಿತ್ತು. ಎಂಜಿನ್ ಇನ್ನೂ ತಣ್ಣಗಿದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಊರು ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಅವಳ ಉಸಿರು ಹದಕ್ಕೆ ಬಂತು, ಕಾಲಿಗೆ ತನ್ನ ಬೆಣ್ಣೆ ನೆನಪಾಯಿತು. ಕಾರು ಮೆಲ್ಲಗೆ ವೇಗ ಏರಿಸಿಕೊಂಡು ಹೋಯಿತು, ಸ್ವಲ್ಪ ದೂರ ಹಾಗೇ ಸಾಗಿತು, ಆಮೇಲೆ ಮೆಲ್ಲಗೆ ವೇಗ ಇಳಿಸಿ, ರಸ್ತೆಯ ಮಧ್ಯೆ ಅಚ್ಚುಕಟ್ಟಾಗಿ ನಿಂತುಬಿಟ್ಟಿತು.

ಅಣ್ಣ ಮುಂದೆ ನೋಡಿದ, ಹಿಂದೆ ನೋಡಿದ. “ಯಾರು ಅಡ್ಡ ಬಂದ್ರು?”

“ಯಾರೂ ಇಲ್ಲ.”

“ಮತ್ಯಾಕೆ ನಿಂತೆ?”

ಅವಳು ಬೆವರಿದಳು. “ಇಲ್ಲಿ ಗೆರೆ ಇಳಿಯುತ್ತೆ ಅಣ್ಣ.”

“ಯಾವ ಗೆರೆ?”

ಅವಳ ಕಾಲು ರಸ್ತೆಯನ್ನು ನೋಡುತ್ತಲೇ ಇರಲಿಲ್ಲ. ಕಿಟಕಿಯಿಲ್ಲದ ಕೋಣೆಯ ಗೆರೆಯನ್ನು ಬಾಯಿಪಾಠ ಒಪ್ಪಿಸುತ್ತಿತ್ತು. ವಿಷಯ ತಿಳಿದ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಎಷ್ಟೋ ದಿನಗಳ ಮೇಲೆ ಅವಳೆದುರು ಅವನು ಹಾಗೆ ನಕ್ಕದ್ದು. “ಪರವಾಗಿಲ್ಲ, ಗೆರೆ ಏರಿದಾಗ ಹೇಳು. ಅಷ್ಟರಲ್ಲಿ ನಾನೊಂದು ನಿದ್ದೆ ತೆಗೀತೀನಿ.”

ಅವಳು ನಗಲಿಲ್ಲ. ಕಾರನ್ನು ಮತ್ತೆ ಎಬ್ಬಿಸಿದಳು. ಈಗ ಮೊದಲ ಸಲ ಎಂಬಂತೆ ಕಣ್ಣು ತೆರೆದು ರಸ್ತೆಯನ್ನು ನೋಡಿದಳು.

ರಸ್ತೆ ಏರತೊಡಗಿತ್ತು. ಅವಳಿಗೆ ಗೊತ್ತಿದ್ದ ಏರು ಪರದೆಯದು, ಅದು ವೇಗದ ಏರು. ಇದು ಭೂಮಿಯ ಏರು. ಕಣ್ಣಿಗೆ ಇದು ಏನೂ ಅಲ್ಲ, ಚೆಂಡಿಟ್ಟರೆ ಯೋಚಿಸಿ ಉರುಳುವಷ್ಟು. ಆದರೆ ಕಾಲಡಿಯ ಪೆಡಲ್ಲಿನಲ್ಲಿ ಅವಳಿಗೆ ಗುಡ್ಡದ ಇಡೀ ಮೈ ಸಿಕ್ಕಿತು. ಡಿಕ್ಕಿಯಲ್ಲಿದ್ದ ಎಂಟೂ ಕಲ್ಲುಗಳು ಒಂದೊಂದಾಗಿ ಎದ್ದು ಕೂತು ಹಿಂದಕ್ಕೆ ಜಗ್ಗಿದವು. ಅಣ್ಣನ ತೂಕ, ತನ್ನ ತೂಕ, ಟ್ಯಾಂಕಿನಲ್ಲಿದ್ದ ಪೆಟ್ರೋಲಿನ ತೂಕ, ಎಲ್ಲವನ್ನೂ ಆ ಪೆಟ್ರೋಲೇ ಹೊತ್ತು ಮೇಲಕ್ಕೆ ನಡೆಯುತ್ತಿತ್ತು. ಲೋಟದಲ್ಲಿ ಹಿಡಿಯಬಹುದಾದಷ್ಟು ಒಂದು ದ್ರವ, ಬೆಂಕಿ ತಾಗಿದ್ದೇ, ಇಬ್ಬರು ಮನುಷ್ಯರನ್ನೂ ಇಷ್ಟು ಕಬ್ಬಿಣವನ್ನೂ ಗುಡ್ಡದ ನೆತ್ತಿಗೆ ಎತ್ತುತ್ತದೆ! ಇದನ್ನು ಅವಳು ಸಾವಿರ ಸಲ ಅಂಕಿಯಲ್ಲಿ ನೋಡಿದ್ದಳು. ಬೆನ್ನಿನಲ್ಲಿ ತಿಳಿದದ್ದು ಇದೇ ಮೊದಲು. ಹದಿನೇಳೇ ಕೊಡುತ್ತದೆ ಎಂದು ಇದನ್ನು ಬೈದುಕೊಂಡದ್ದಕ್ಕೆ ಅವಳಿಗೆ ಒಂದು ಕ್ಷಣ ನಾಚಿಕೆಯಾಯಿತು.

ನೆತ್ತಿ ದಾಟಿದ್ದೇ ಬಯಲು. ಎತ್ತ ನೋಡಿದರೂ ಕುಯಿಲಾದ ಹೊಲಗಳು, ನಡುವೆ ನೂಲು ಹಿಡಿದು ಎಳೆದಂಥ ರಸ್ತೆ. ಇಲ್ಲಿ ಅಂಕಿ ಏರಲೇಬೇಕು ಎಂದು ಅವಳು ಕಾದಳು. ಏರಲಿಲ್ಲ. ಹದಿನಾರಕ್ಕೆ ಬಂದು ಕೂತಿತು. ರಸ್ತೆ ಸಮವಿದೆ, ಎದುರಿಗೆ ನರಪಿಳ್ಳೆ ಇಲ್ಲ, ವೇಗ ಹದವಾಗಿದೆ. ಆದರೂ ಯಾರೋ ಕಾರಿನ ಮೂಗಿಗೆ ಅಂಗೈ ಊರಿ ತಡೆಯುತ್ತಿದ್ದಾರೆ.

“ಗಾಳಿ,” ಅಂದ ಅಣ್ಣ. “ಇಲ್ಲಿ ಬೆಳಿಗ್ಗೆಯೆಲ್ಲ ಹೀಗೇ. ಸೈಕಲ್ಲಿನವರು ಇಳಿದು ತಳ್ಕೊಂಡು ಹೋಗ್ತಾರೆ.”

ಗಾಳಿ ಅವಳಿಗೆ ಹೊಸದಲ್ಲ, ಅಥವಾ ಹಾಗೆಂದು ಅವಳು ತಿಳಿದಿದ್ದಳು. ಪ್ರತಿ ಹೊಸ ಕಾರಿನ ಜೊತೆ ಅವಳ ಕೋಣೆಗೆ ಮೂರು ಅಂಕಿಗಳು ಬರುತ್ತವೆ. ಎಲ್ಲೋ ದೂರದ ಸಮತಟ್ಟು ರಸ್ತೆಯಲ್ಲಿ, ಎಲೆಯೂ ಅಲುಗದ ಹೊತ್ತು ನೋಡಿ, ಬೇರೆ ಯಾರೋ ಕಾರನ್ನು ಜೋರಾಗಿ ಓಡಿಸಿ ನ್ಯೂಟ್ರಲ್‌ಗೆ ಹಾಕಿ ಕೈಬಿಡುತ್ತಾರೆ. ಅದು ಹೇಗೆ ಸೋಲುತ್ತ ಬರುತ್ತದೆ ಎಂದು ಅಳೆದು ಆ ಮೂರು ಅಂಕಿ ಮಾಡುತ್ತಾರೆ. ಅವನ್ನು ಉಣಿಸಿದರೆ ಉರುಳೆಗಳು ರಸ್ತೆಯ ಹಾಗೇ ಬಿಗಿಯುತ್ತವೆ. ಲೋಕದ ಗಾಳಿ, ಲೋಕದ ರಸ್ತೆ, ಎಲ್ಲ ಆ ಮೂರರೊಳಗೆ. ಎಷ್ಟು ಸಲ ಅವಳೇ ಅವನ್ನು ಯಂತ್ರಕ್ಕೆ ಒತ್ತಿ ಕೊಟ್ಟಿದ್ದಳೋ.

“ಅಣ್ಣ, ಒಂದು ಸಲ ಕೈಬಿಟ್ಟು ನೋಡ್ತೀನಿ. ಹಿಂದೆ ಯಾರಾದ್ರೂ ಬರ್ತಿದ್ದಾರಾ ನೋಡು.”

“ಕೈಬಿಟ್ಟು ಅಂದ್ರೆ? ಏಯ್, ನಾನಿನ್ನೂ ಜೀವವಿಮೆ ಮಾಡಿಸಿಲ್ಲ!”

“ಸ್ಟೀರಿಂಗ್ ಅಲ್ಲ ಮಾರಾಯ. ಎಂಜಿನ್ನಿನ ಕೈ.”

ಹಿಂದೆ ಯಾರೂ ಇರಲಿಲ್ಲ. ಅವಳು ವೇಗ ಏರಿಸಿದಳು, ನ್ಯೂಟ್ರಲ್‌ಗೆ ತಂದಳು, ಕಾಲು ಎತ್ತಿದಳು.

ಎಂಜಿನ್ನಿನ ದನಿ ತಗ್ಗಿತು. ಅದರ ಕೆಳಗೆ ಇಷ್ಟು ಹೊತ್ತೂ ಅಡಗಿದ್ದ ಬೇರೆ ದನಿಗಳು ಒಂದೊಂದಾಗಿ ಹೊರಬಂದವು. ಮೊದಲು ಗಾಳಿಯದು: ಗಾಜಿನ ಅಂಚಿನಲ್ಲಿ, ಕನ್ನಡಿಯ ಕಿವಿಯಲ್ಲಿ, ತಲೆಯ ಮೇಲೆ ಬಟ್ಟೆ ಹರಿದಂತೆ. ಅದು ಕಾರನ್ನು ಒಂದೇ ಏಟಿಗೆ ಹಿಡಿಯಲಿಲ್ಲ. ಬೆರಳು ಬೆರಳಾಗಿ ಹಿಡಿಯಿತು. ವೇಗ ಇಳಿದಂತೆ ಗಾಳಿಯ ಸದ್ದು ಸಣ್ಣಗಾಗಿ, ಅದರ ಹಿಂದೆ ಟೈರಿನ ಸದ್ದು ಬಂತು, ಜಲ್ಲಿಯನ್ನು ಹಲ್ಲಲ್ಲಿ ಕಡಿದಂತೆ. ಆಮೇಲೆ ಅದೂ ಬಿಡಿಬಿಡಿಯಾಯಿತು, ಒಂದೊಂದು ಕಲ್ಲೂ ಬೇರೆ ಬೇರೆ ಕೇಳುವಷ್ಟು. ಕೊನೆಗೆ ಕಾರು ನಡೆಯುವ ಮನುಷ್ಯನಷ್ಟು ಮೆಲ್ಲಗಾಯಿತು, ಮಗುವಿನಷ್ಟು ಮೆಲ್ಲಗಾಯಿತು, ನಿಂತಿತು. ಅವಳು ಎಣಿಸಿದ್ದ ಜಾಗಕ್ಕಿಂತ ಎಷ್ಟೋ ಹಿಂದೆಯೇ ನಿಂತಿತು. ನಿಂತ ಕಾರನ್ನು ಗಾಳಿ ಒಮ್ಮೆ ಅಲುಗಿಸಿ ನೋಡಿತು.

ಕಾರನ್ನು ಕೈಬಿಟ್ಟ ಮೇಲೆ ನಡೆಯುವುದೆಲ್ಲ ಬರೀ ಸೋಲು ಎಂದು ಅವಳು ತಿಳಿದಿದ್ದಳು. ಆದರೆ ಈಗ ನಡೆದದ್ದು ಸೋಲಿನ ಹಾಗಿರಲಿಲ್ಲ, ಇಡೀ ಬಯಲು ಕಾರನ್ನು ಎತ್ತಿಕೊಂಡು ತನ್ನ ಮಡಿಲಿಗೆ ಇಳಿಸಿಕೊಂಡ ಹಾಗಿತ್ತು. ಓಡುವ ಪ್ರತಿಯೊಂದು ಕಾರೂ, ಪ್ರತಿ ಗಳಿಗೆಯೂ, ಇಷ್ಟು ದೊಡ್ಡ ಕೈಯನ್ನು ನೂಕಿಕೊಂಡು ಹೋಗುತ್ತಿದೆ. ಅವಳು ಇಳಿಯಲು ಬಾಗಿಲು ತೆಗೆದರೆ ಗಾಳಿ ಅದನ್ನು ಅವಳ ಕೈಯಿಂದ ಕಿತ್ತುಕೊಂಡಿತು. ಹೊರಗೆ ನಿಂತಳು. ಕೂದಲು, ಬಟ್ಟೆ, ಕಣ್ಣೀರು ಎಲ್ಲ ಹಿಂದಕ್ಕೆ. ತನ್ನ ಕೋಣೆಯ ಆಳೆತ್ತರದ ಫ್ಯಾನು ನೆನಪಾಗಿ, ಅದು ಆಟಿಕೆಯ ಗಿರಗಿಟ್ಲೆ ಅನ್ನಿಸಿತು.

“ಅಳ್ತಿದ್ದೀಯಾ?” ಅಣ್ಣ ಒಳಗಿನಿಂದ ಕೂಗಿದ.

“ಗಾಳಿ ಕಣೋ!”

“ಮೈಲೇಜ್ ಬರದಿದ್ರೆ ಹೋಯ್ತು ಬಿಡು, ಬಾ ಕೂತ್ಕೋ. ಗಿರಣಿಯವನು ಕಾಯ್ತಿರ್ತಾನೆ.”

ಗಿರಣಿ ಮುಟ್ಟಿದಾಗ ಪರದೆಯಲ್ಲಿ ಹದಿನಾರು. ಅಣ್ಣನ ಕಾಲಿಗಿಂತಲೂ ಒಂದು ಕಡಿಮೆ. ಅವನು ಅದನ್ನು ನೋಡಿದ, ಕಲ್ಲುಗಳನ್ನು ಇಳಿಸಿಕೊಂಡು ಒಳಗೆ ಹೋದ. ಮೂಟೆ ತೂಗುವ ತಕ್ಕಡಿ ಸರಿಮಾಡಿ ಬಂದವನು, ಕಲ್ಲುಗಳನ್ನೆಲ್ಲ ಡಿಕ್ಕಿಗೆ ತುಂಬಿಸಿ, ಗೇಟಿನ ಹತ್ತಿರ ಲಾರಿಗಳನ್ನು ತೂಗುವ ವೇ ಬ್ರಿಡ್ಜಿನ ಕಡೆ ನೋಡಿದ. “ನೀನೂ ಹತ್ತು” ಎಂದು ಕಾರನ್ನು ಅದರ ಮೇಲೆ ಹತ್ತಿಸಿದ. ಗಾಜಿನ ಗೂಡಿನಲ್ಲಿ ಕೆಂಪು ಅಂಕಿ ಬೆಳಗಿತು.

ಅಣ್ಣ ಆ ಅಂಕಿಯನ್ನು ನೋಡುತ್ತ ಕೂತೇ ಇದ್ದ. ಹುಟ್ಟಿನಿಂದ ತೂಕ ನೋಡಿದವನು, ತಾನೇ ತಕ್ಕಡಿಯೊಳಗೆ ಕೂತದ್ದು ಇದೇ ಮೊದಲು.

“ಇಷ್ಟನ್ನ ಇದು ದಿನಾ ಎಳೀತಿತ್ತಾ?” ಅವನ ದನಿ ಇಳಿದಿತ್ತು. “ಪಾಪ. ನಾನು ಬಾಯಿಗೆ ಬಂದ ಹಾಗೆ ಬೈದಿದ್ದೀನಿ ಕಣೇ ಇದಕ್ಕೆ.”

ವಾಪಸು ಬರುವಾಗ ಅವನೇ ಓಡಿಸಿದ. ಪರದೆಯನ್ನು ಮತ್ತೆ ಸೊನ್ನೆಗೆ ತಂದ. ಅವಳು ಪಕ್ಕದಲ್ಲಿ ಕೂತು ಸೋತವರ ಹಾಗೆ ಹೊರಗೆ ನೋಡುತ್ತಿದ್ದಳು. ಅಣ್ಣನ ಕಾಲು ಬೆಣ್ಣೆಯಲ್ಲ, ಬಡಿಗೆ. ಒತ್ತಿದರೆ ಒತ್ತಿದ, ಎತ್ತಿದರೆ ಎತ್ತಿದ. ಆದರೂ ಕಾರು ಈಗ ಹಗುರಾಗಿ ಓಡುತ್ತಿತ್ತು. ಬೆಳಿಗ್ಗೆ ಎದುರಿಗಿದ್ದ ಗಾಳಿ ಈಗ ಬೆನ್ನಿಗಿತ್ತು. ಬಯಲು ದಾಟುವಷ್ಟರಲ್ಲಿ ಪರದೆ ಇಪ್ಪತ್ತೆರಡು ಅಂದಿತು. ಗುಡ್ಡ ಇಳಿಯತೊಡಗಿದ ಮೇಲೆ ಇಪ್ಪತ್ನಾಲ್ಕು. ಆಮೇಲೆ ಇಪ್ಪತ್ತಾರು. ಇಪ್ಪತ್ತೇಳು.

“ಪುಟ್ಟೀ!” ಅಣ್ಣ ಸ್ಟೀರಿಂಗಿಗೆ ಗುದ್ದಿದ. “ನೋಡೇ ಇಲ್ಲಿ! ನೀನು ಹೇಳಿದ್ದಕ್ಕಿಂತ ಮೂರು ಜಾಸ್ತಿ! ಮಾವಂದಿರ ಸಮೇತ!”

ಅವಳು ನೋಡಿದಳು. ಹೌದು, ಇಪ್ಪತ್ತೇಳು.

“ತಪ್ಪು ನನ್ನದೇ ಪುಟ್ಟಿ. ಸುಮ್ನೆ ನಿನ್ನ ಮೇಲೆ ಅನುಮಾನ ಪಟ್ಟೆ. ನಿನ್ನ ಅಂಕಿ ಅಪ್ಪಟ. ಮನೆಗೆ ಹೋಗಿ ನಿಮ್ಮತ್ತಿಗೆಗೆ ಹೇಳ್ತೀನಿ ತಾಳು, ನನ್ನ ತಂಗಿ ಮಾತು ಅಂದ್ರೆ ಏನು ಅಂತ.”

ಅವನ ಮುಖ ಅರಳಿ ಊರಗಲವಾಗಿತ್ತು. ಅವಳು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು, ಕಳೆದುಕೊಂಡದ್ದೆಲ್ಲ ತಾನಾಗಿ ವಾಪಸು ಬಂದು ಮಡಿಲಲ್ಲಿ ಬೀಳುತ್ತಿತ್ತು. ನಾಲಿಗೆಯ ತುದಿಗೆ ‘ನಾನು ಹೇಳಿರಲಿಲ್ವಾ’ ಎಂಬ ಮಾತು ಬಂದೂ ಬಿಟ್ಟಿತ್ತು. ಆದರೆ ಬಾಗಿಲು ಕಿತ್ತುಕೊಂಡ ಆ ಗಾಳಿಯ ಹಿಡಿತ ಅವಳ ಅಂಗೈಯಲ್ಲಿ ಇನ್ನೂ ಇತ್ತು.

“ಇದು ನನ್ನದಲ್ಲ ಅಣ್ಣ.”

“ಏನು ನಿನ್ನದಲ್ಲ?”

“ಈ ಇಪ್ಪತ್ತೇಳು. ಇದು ಗಾಳಿದು, ಇಳಿಜಾರಿಂದು. ಬೆಳಿಗ್ಗೆ ಕಿತ್ಕೊಂಡಿದ್ದನ್ನ ಈಗ ಕೊಡ್ತಿದೆ. ಪೂರ್ತಿ ಕೊಡಲ್ಲ, ಸ್ವಲ್ಪ ಇಟ್ಕೊಳ್ಳುತ್ತೆ.”

ಅಣ್ಣನ ಹುಬ್ಬು ಗಂಟಾಯಿತು. “ಹಾಗಾದ್ರೆ ಬೆಳಿಗ್ಗೆ ಬಂದ ಹದಿನಾರು?”

“ಅದೂ ಗಾಳಿದೇ.”

“ನಿನ್ನ ಇಪ್ಪತ್ನಾಲ್ಕು?”

“ಅದು ಆ ಕೋಣೆಯದು. ಅಲ್ಲಿ ಅದು ನಿಜ. ಎರಡು ಕಾರು ಪಕ್ಕಪಕ್ಕ ಇಟ್ಟು ಯಾವುದು ಕಡಿಮೆ ಕುಡಿಯುತ್ತೆ ಅಂದ್ರೆ ಆ ಕೋಣೆ ಸರಿಯಾಗಿ ಹೇಳುತ್ತೆ. ನೀನು ಕೇಳಿದ್ದು ಅದನ್ನಲ್ಲ. ನಿನಗೆಷ್ಟು ಕೊಡುತ್ತೆ ಅಂತ ಕೇಳಿದ್ದೆ. ನಾನು ನಿನ್ನ ರಸ್ತೆ ನೋಡದೇ ಹೌದು ಅಂದ್ಬಿಟ್ಟೆ.”

“ಹಾಗಾದ್ರೆ ನನಗೆಷ್ಟು ಕೊಡುತ್ತೆ?”

“ಗೊತ್ತಿಲ್ಲ.”

ಯಂತ್ರದ ವಿಷಯದಲ್ಲಿ ಅವಳು ಅಣ್ಣನಿಗೆ ಆ ಮಾತು ಹಿಂದೆಂದೂ ಹೇಳಿರಲಿಲ್ಲ. ರಸ್ತೆಯ ಮೇಲೆ ಒಣಗಿದ ಹುಲ್ಲಿನ ಎಳೆಗಳು ಕಾರಿನ ಜೊತೆ ಜೊತೆಗೇ, ಅದೇ ದಿಕ್ಕಿಗೆ ಉರುಳಿಕೊಂಡು ಬರುತ್ತಿದ್ದವು. ನೆಲವೇ ಮುಂದಕ್ಕೆ ಹರಿಯುತ್ತಿದೆಯೇನೋ ಎಂಬಂತೆ.

“ಈ ಕಡೆ ನಾನು ಎಷ್ಟು ಸಲ ಓಡಾಡಿದ್ದೀನೋ,” ಅವನು ಕೊನೆಗೆ ಅಂದ. “ಇಷ್ಟೆಲ್ಲ ನಡೀತಿದೆ ಅಂತ ಗೊತ್ತೇ ಇರಲಿಲ್ಲ.”

“ನನಗೂ.”

ಮುಂದೆ ರಸ್ತೆ ಎರಡಾಗಿ ಸೀಳಿತ್ತು. ಅಣ್ಣ ವೇಗ ಇಳಿಸಿದ.

“ಎಡಕ್ಕೆ ಹೋದ್ರೆ ಹತ್ತಿರ, ಆದ್ರೆ ಒಂದು ಏರಿದೆ. ಬಲಕ್ಕೆ ಸುತ್ತು, ಆದ್ರೆ ಸಮ. ಯಾವುದ್ರಲ್ಲಿ ಹೋಗ್ಲಿ ಪುಟ್ಟಿ?”

ಅವಳು ಗಾಜು ಪೂರ್ತಿ ಇಳಿಸಿ ಕೈಯನ್ನು ಹೊರಗೆ ಚಾಚಿದಳು. ಓಡುವ ಕಾರಿನ ಹೊರಗೆ ಗಾಳಿ ಕೆನ್ನೆಗೆ ಬಾರಿಸಿದಂತೆ ಬಾರಿಸಬೇಕಿತ್ತು. ಬಾರಿಸಲಿಲ್ಲ. ಅದು ಕಾರಿನ ಸಂಗಡವೇ ಬರುತ್ತಿದ್ದುದರಿಂದ ಅವಳ ಬೆರಳುಗಳ ನಡುವೆ ಬರೀ ಮೆತ್ತಗೆ, ಕರುವಿನ ಉಸಿರಿನ ಹಾಗೆ ಸುಳಿಯಿತು. ಅವಳು ಅಂಗೈಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿ ನೋಡಿದಳು.

“ಗಾಜು ಇಳಿಸಿದ್ರೆ ಜಾಸ್ತಿ ಕುಡಿಯಲ್ವೇನೇ?”

“ಕುಡಿಯುತ್ತೆ. ಕುಡೀಲಿ ಬಿಡು. ಬಲಕ್ಕೆ ಹೋಗು.”

“ಖಾತ್ರಿನಾ?”

“ಇಲ್ಲ.”

ಅಣ್ಣ ಬಲಕ್ಕೆ ತಿರುಗಿಸಿದ.